ಹೆಗ್ಗಣದ ಪಾಲು

ಸೆಪ್ಟೆಂಬರ್ ೨೨, ಭಾನುವಾರ

ಮತ್ತೆ ಆ ನೀರಿನ ವಿಷಯ. ಬಿಲಕ್ಕೆ ನೀರು ಬಿಟ್ಟರೆ ಹೆಗ್ಗಣ ಸಾಯುವುದಿಲ್ಲ, ಸ್ನಾನ ಮುಗಿಸಿಕೊಂಡು ಇನ್ನೊಂದು ಬಾಗಿಲಿನಿಂದ ಹೊರಟುಹೋಗುತ್ತದೆ ಎಂದು ನಿನ್ನೆ ನನ್ನ ತಮ್ಮ ಗಿರಿಯಪ್ಪ ಹೇಳಿದ್ದೇ ಸರಿಯಾಯಿತು. ಬೆಳಗ್ಗೆಯಿಂದ ಪೈಪು ಹಿಡಿದು ನಿಂತೆ. ಟ್ಯಾಂಕು ಖಾಲಿಯಾಯಿತು, ಲಾನ್ ಕೆಸರಾಯಿತು, ಕೊನೆಗೆ ಆ ನೀರು ಬದುವಿನ ಆಚೆ ಗಿರಿಯನ ಭತ್ತದ ಗದ್ದೆಯಲ್ಲಿ ಗುಳುಗುಳು ಎಂದು ಎದ್ದಿತು. ಅವನು ಅಲ್ಲಿಂದಲೇ ಕೂಗಿದ: "ಸಾಕು ಅಣ್ಣಾ! ನನ್ನ ಗದ್ದಿಗೆ ಈ ವರ್ಷ ಮಳೆ ಬೇಕಾದಷ್ಟಾಗ್ಯದೆ!"

ನಗಲಿ. ಅವನ ಹೆಂಡತಿ ಬದುಕಿದ್ದಾಳೆ, ನಗುತ್ತಾನೆ.

ಹೋದ ವರ್ಷದ ಮಳೆಗಾಲದಲ್ಲಿ ನನ್ನ ಹೆಂಡತಿ ವರದಮ್ಮ ಈ ಲಾನಿನಲ್ಲೇ ಬರಿಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಳು. ಬೆರಳಿನಲ್ಲಿ ಸಣ್ಣ ಗಾಯವಿತ್ತು. ಜ್ವರ ಬಂತು, ಕಣ್ಣು ಕೆಂಪಾಯಿತು. ಸಾಗರದಿಂದ ಶಿವಮೊಗ್ಗಕ್ಕೆ ಮುಟ್ಟಿಸುವಷ್ಟರಲ್ಲಿ ಮೂತ್ರ ನಿಂತಿತ್ತು. ಇಲಿಜ್ವರ ಎಂದರು. ಇಲಿ ಹೆಗ್ಗಣಗಳ ಉಚ್ಚೆ ಒದ್ದೆ ಮಣ್ಣಿನಲ್ಲಿದ್ದು ಗಾಯದ ಮೂಲಕ ರಕ್ತಕ್ಕೆ ಸೇರುತ್ತದಂತೆ. ಮನುಷ್ಯ ಕೊಂದಿದ್ದರೆ ಪೊಲೀಸ್ ಸ್ಟೇಷನ್ನಿಗಾದರೂ ಹೋಗಬಹುದಿತ್ತು.

ಈಗ ಅದೇ ಜಾಗದಲ್ಲಿ ಮತ್ತೆ ಮಣ್ಣಿನ ಗುಡ್ಡೆಗಳು ಎದ್ದಿವೆ. ಕೊಲೆಗಡುಕ ತಿರುಗಿ ಬಂದಿದ್ದಾನೆ. ಐ ಶಲ್ ನಾಟ್ ಲೀವ್ ಹಿಮ್. ಹಿಮ್ ಎನ್ನಬೇಕೋ ಇಟ್ ಎನ್ನಬೇಕೋ, ಅದನ್ನು ಆಮೇಲೆ ನೋಡೋಣ.

ಸೆಪ್ಟೆಂಬರ್ ೨೪, ಮಂಗಳವಾರ

ಸಿಕ್ಕಿಬಿತ್ತು! ಒಣಮೀನಿನ ತಲೆ ಸಿಕ್ಕಿಸಿ ಇಟ್ಟಿದ್ದ ಬೋನು ಬೆಳಗ್ಗೆ ಮುಚ್ಚಿಕೊಂಡಿತ್ತು. ಒಳಗೆ ಚಿಕ್ ಚಿಕ್ ಎಂದು ಓಡಾಡುತ್ತಿತ್ತು. ಬೋನಿನ ಸಮೇತ ನೀರಿನ ತೊಟ್ಟಿಗೆ ಅದ್ದಿ ಹಿಡಿದೆ. ಅದ್ದುವಾಗ ವರದಮ್ಮನ ಹೆಸರು ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ.

ಗಿರಿಯನ ಹೆಂಡತಿ ರಂಗಮ್ಮ ಬುತ್ತಿ ಕ್ಯಾರಿಯರ್ ಹಿಡಿದು ಬಂದಳು. ಒಂದು ವರ್ಷದಿಂದ ನನ್ನ ಊಟ ಅವಳ ಮನೆಯಿಂದಲೇ. ಸತ್ತದ್ದನ್ನು ನೋಡಿ ಕ್ಯಾರಿಯರ್ ಕೆಳಗಿಟ್ಟಳು.

"ಇದೆಂತ ಭಾವ, ಸುಂಡಿಲಿ ಕೊಂದೀರಿ?"

"ಇಲಿ ಇಲಿಯೇ."

"ಮೂತಿ ನೋಡಿ, ಆನೆ ಸೊಂಡ್ಲಿನ ಹಂಗೆ ಉದ್ದ. ಇದು ಲಾನ್ ಅಗಿಯೂದಿಲ್ಲ, ಕಾಳು ಮುಟ್ಟೂದಿಲ್ಲ. ಹುಳ ಹುಪ್ಪಟೆ ಹಿಡ್ಕಂಡು ಬದುಕ್ತದೆ ಪಾಪ."

"ಕೊಂದಾಯ್ತಲ್ಲ."

"ಆಯ್ತು ಬಿಡಿ. ನಾಳೆ ನಾನು ಬಗ್ಗಿ ಸೊಪ್ಪು ಕೊಯ್ತಿದ್ರೆ ಹೆಗ್ಗಣ ಅಂತ ತಿಳ್ಕಂಡು ಬಡೀಬೇಡಿ ಮತ್ತೆ."

ನನಗೇನೂ ಬೇಜಾರಿಲ್ಲ. ಯುದ್ಧದಲ್ಲಿ ಹೀಗೆ ಅಡ್ಡ ಬಂದವರು ಸಾಯುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದವೇ ಇದೆ. ಕೊಲ್ಯಾಟರಲ್ ಎಂದು ಶುರುವಾಗುತ್ತದೆ, ಮುಂದಿನದು ಮರೆತಿದೆ.

ಸೆಪ್ಟೆಂಬರ್ ೨೮, ಶನಿವಾರ

ಕಾಲೇಜಿನಲ್ಲಿ ಜೀವಶಾಸ್ತ್ರದ ಪರೀಕ್ಷೆಗೆ ಪ್ರತಿ ಸಲವೂ ಒಂದು ಪ್ರಶ್ನೆ ಗ್ಯಾರಂಟಿ: ಡಿಸ್ಟಿಂಗ್ವಿಶ್ ಬಿಟ್ವೀನ್. ಕಪ್ಪೆ ಮತ್ತು ನೆಲಗಪ್ಪೆ, ಹಾವು ಮತ್ತು ಎರೆಹುಳ. ಆಗ ಬಾಯಿಪಾಠ ಹೊಡೆದು ಬರೆದೆ. ಈಗ ಮೊದಲ ಸಲ ನಿಜವಾಗಿ ಬೇಕಾಯಿತು. ಇನ್ನೊಂದು ನಿರಪರಾಧಿಯನ್ನು ಕೊಂದರೆ ಅಪರಾಧಿ ಒಳಗೆ ಕೂತು ನಗುತ್ತಾನೆ. ಸೇಡು ವಿಳಾಸ ತಪ್ಪಬಾರದು.

ಆದ್ದರಿಂದ ಗಮ್ ಬೂಟು ಹಾಕಿಕೊಂಡು ಇಡೀ ಲಾನನ್ನು ಮೊಣಕಾಲೂರಿ ನೋಡಿದೆ. ಬಾವಿಯ ಕಡೆ ಒದ್ದೆಯಿರುವಲ್ಲಿ ದುಂಡನೆಯ ತೂತುಗಳಿವೆ, ಸುತ್ತ ಕಡಲೆಕಾಳಿನಂಥ ಮಣ್ಣಿನ ಉಂಡೆಗಳಿವೆ. ಅದು ಏಡಿ. ಒಂದು ಕಡ್ಡಿ ಹಾಕಿದರೆ ಕಡಿದು ಹಿಡಿದುಕೊಂಡಿತು. ಏಡಿಗೆ ಜ್ವರ ಹಬ್ಬಿಸುವ ಶಕ್ತಿಯಿಲ್ಲ, ಬಿಟ್ಟೆ. ದಾಸವಾಳದ ಬುಡದಲ್ಲಿ ಲಾನಿನ ಹುಲ್ಲು ಹಳದಿಯಾಗಿತ್ತು, ಅಲ್ಲಲ್ಲಿ ಆಲಿಕೆಯ ಆಕಾರದ ಸಣ್ಣ ಗುಳಿಗಳು. ಹುಲ್ಲು ಹಿಡಿದು ಎಳೆದರೆ ಚಾಪೆಯಂತೆ ಎದ್ದು ಬಂತು, ಕೆಳಗೆ ಸುರುಳಿ ಸುತ್ತಿದ ಬಿಳಿ ಬೇರುಹುಳಗಳು. ಅಂದರೆ ಹುಲ್ಲು ಸಾಯಿಸಿದ್ದು ಹುಳ. ಗುಳಿ ತೋಡಿದ್ದು ಆ ಹುಳ ಹುಡುಕುತ್ತ ಬಂದ ಮುಂಗುಸಿ. ಎರಡು ದಿನ ಮುಂಗುಸಿಗೆ ಬೈದಿದ್ದೆ, ವಾಪಸು ತೆಗೆದುಕೊಂಡೆ. ಸುಂಡಿಲಿಯೂ ಇಂಥ ಹುಳಗಳನ್ನೇ ತಿನ್ನುತ್ತಿತ್ತೋ ಏನೋ.

ಬದುವಿನ ಪಕ್ಕದ ಗುಡ್ಡೆಗಳು ಮಾತ್ರ ಬೇರೆ. ಜರಡಿ ಹಿಡಿದ ಹಾಗೆ ಸಡಿಲ ಮಣ್ಣು, ಬಾಯಿಯನ್ನು ಒಳಗಿನಿಂದಲೇ ಮುಚ್ಚಿಕೊಂಡಿದೆ. ಒಳ್ಳೆ ಮನೆತನದವರಂತೆ ಬಾಗಿಲು ಹಾಕಿ ಮಲಗುತ್ತದೆ. ಪಕ್ಕದಲ್ಲಿ ಕತ್ತರಿಸಿದ ಭತ್ತದ ಹಸಿ ದಂಟು. ಹೆಗ್ಗಣ. ಸಂಶಯವಿಲ್ಲ.

ಎಲ್ಲ ಬಿಲಗಳನ್ನೂ ಮಣ್ಣು ಮೆತ್ತಿ ಮುಚ್ಚಿದ್ದೇನೆ. ಯಾವುದು ಬೆಳಗ್ಗೆ ತೆರೆದಿರುತ್ತದೋ ಅದರಲ್ಲಿ ಜೀವವಿದೆ ಎಂದು ಲೆಕ್ಕ.

ಸೆಪ್ಟೆಂಬರ್ ೨೯, ಭಾನುವಾರ

ತೆರೆದಿದೆ. ವರದಮ್ಮ ಕೂರುತ್ತಿದ್ದ ಕಲ್ಲಿನ ಬುಡದಲ್ಲೇ. ನಾಚಿಕೆಯಿಲ್ಲದ್ದು.

ಸೆಪ್ಟೆಂಬರ್ ೩೦, ಸೋಮವಾರ

ಪೇಟೆಗೆ ಹೋದೆ. ಗೊಬ್ಬರದಂಗಡಿಯ ಪೂರ್ಣೇಶನ ಹತ್ತಿರ ಗಟ್ಟಿಯಾಗಿ ಕೇಳಿದೆ, "ಹೆಗ್ಗಣಕ್ಕೆ ಎಂತ ಉಂಟಪ್ಪ?"

ಅವನು ತುಟಿಗೆ ಬೆರಳಿಟ್ಟ. "ಮೆಲ್ಲಗೆ ಸರ್. ನಾನು ಬಿಎಸ್ಸಿ ಓದಿದೋನೇ. ಆದ್ರೂ ಹೆಸರು ಹೇಳಿ ತಗೊಂಡು ಹೋದವ್ರು ಯಾರೂ ಕೆಲಸ ಆಯ್ತು ಅಂತ ಬಂದು ಹೇಳಿಲ್ಲ. ಅದಕ್ಕೆ ಕೇಳಿಸ್ತದೆ."

"ನಾಲ್ಕು ಮೈಲಿ ದೂರದಲ್ಲಿದೆಯಲ್ಲೋ ಅದು!"

"ಇಲ್ಲಿ ಅಂಗಡೀಲೂ ಇದಾವಲ್ಲ ಸರ್. ಹೇಳಿ ಕಳಿಸ್ತಾವೆ."

ನಾನು ಮಾಸ್ತಿಕಟ್ಟೆಯಲ್ಲಿ ಕರೆಂಟಿನ ಪ್ರಾಜೆಕ್ಟಿನ ಆಫೀಸಿನಲ್ಲಿ ಇಡೀ ಆಯುಷ್ಯ ಗುಮಾಸ್ತನಾಗಿದ್ದವನು, ಇಂಥದ್ದನ್ನು ನಂಬುವವನಲ್ಲ. ಆದರೂ ಪುಡಿಯ ಪೊಟ್ಟಣವನ್ನು ಮಾತಾಡದೆ ಜೇಬಿಗೆ ಹಾಕಿಕೊಂಡೆ. ಕಪ್ಪು ಪುಡಿ, ಬೆಳ್ಳುಳ್ಳಿಯ ವಾಸನೆ. ಮನೆಗೆ ಬಂದ ಮೇಲೂ ಹೆಸರು ಎತ್ತಿಲ್ಲ. ಬರೆಯುವುದರಿಂದ ತೊಂದರೆಯಿಲ್ಲ, ಅದಕ್ಕೆ ಓದಲು ಬರುವುದಿಲ್ಲ.

ಆಫೀಸಿನ ಮಾತು ಬಂತಲ್ಲ, ಅಲ್ಲಿ ಗೆಸ್ಟ್ ಹೌಸಿಗೆ ಒಂದು ಲಾನ್ ಇತ್ತು. ಅದರ ಮುಂದೆ ಬೋರ್ಡು: ಹುಲ್ಲಿನ ಮೇಲೆ ನಡೆಯಬಾರದು. ವರದಮ್ಮ ಸಂಜೆ ಬೇಲಿಯ ಈಚೆ ನಿಂತು ನೋಡುತ್ತಿದ್ದಳು. ಇಲ್ಲಿ ವರದಹಳ್ಳಿ ರಸ್ತೆಯಲ್ಲಿ, ನಮ್ಮ ಪಾಲಿಗೆ ಬಂದ ಗದ್ದೆಯ ತುಂಡಿನಲ್ಲಿ ಮನೆ ಕಟ್ಟಿದ ಮೇಲೆ ಮೊದಲು ಹಾಕಿದ್ದೇ ಹುಲ್ಲು. ಪ್ರತಿ ದಿನ ಬೆಳಗ್ಗೆ ಅದರ ಮೇಲೆ ಬರಿಗಾಲಲ್ಲಿ ನಡೆದು, "ಯಾರ್ದಪ್ಪ ಅಪ್ಪಣೆ?" ಎಂದು ನನ್ನನ್ನು ಕೇಳುವಳು.

ಅಕ್ಟೋಬರ್ ೨, ಬುಧವಾರ

ಮುಟ್ಟಲಿಲ್ಲ. ಅಕ್ಕಿಗೆ ಎಣ್ಣೆ ಹಚ್ಚಿ, ಪುಡಿ ಕಲಸಿ ಬಿಲದ ಬಾಯಲ್ಲಿ ಇಟ್ಟಿದ್ದೆ. ಆಸಾಮಿ ಅದರ ಮೇಲೆ ಅಚ್ಚುಕಟ್ಟಾಗಿ ಮಣ್ಣು ದೂಡಿ ಮುಚ್ಚಿದ್ದಾನೆ. ನನ್ನ ವಿಷಕ್ಕೆ ಸಮಾಧಿ ಕಟ್ಟಿದ್ದಾನೆ!

ಪೂರ್ಣೇಶನಿಗೆ ಫೋನು ಮಾಡಿದರೆ, "ಅದು ಸಂಶಯದ ಪ್ರಾಣಿ ಸರ್. ಹೊಸ ತಿಂಡಿ ನಂಬೂದಿಲ್ಲ. ಮೊದ್ಲು ಸ್ವಲ್ಪ ದಿನ ಬರೀ ತಿಂಡಿ ಇಟ್ಟು ರೂಢಿ ಮಾಡ್ಸಿ, ಆಮೇಲೆ ಮದ್ದು ಬೆರೆಸಿ," ಎಂದ. ಅಂದರೆ ಮೊದಲು ಸ್ನೇಹ, ಆಮೇಲೆ ಕುತ್ತಿಗೆ. ಈ ಉಪಾಯ ನನಗೆ ಬಹಳ ಹಿಡಿಸಿತು. ಅವಳನ್ನೂ ಅದು ಹೀಗೆಯೇ ಅಲ್ಲವೇ ಕೊಂದದ್ದು? ಯಾರಿಗೂ ಗೊತ್ತಾಗದ ಹಾಗೆ, ಅವಳದೇ ನೆಲದಲ್ಲಿ.

ಅಕ್ಟೋಬರ್ ೪, ಶುಕ್ರವಾರ

ಒಣಕೊಬ್ಬರಿ ಹುರಿದು ಇಟ್ಟೆ. ಒಂದು ಚೂರು ಮಾಯ.

ಅಕ್ಟೋಬರ್ ೬, ಭಾನುವಾರ

ವಂಚನೆ ಸಾಂಗವಾಗಿ ನಡೆಯುತ್ತಿದೆ. ಕೊಬ್ಬರಿ ಬೇಕು, ಒಣಮೀನೂ ಬೇಕು, ಆದರೆ ಮೀನನ್ನು ಬಿಸಿಲಿಗಿಟ್ಟು ಗರಿಯಾಗಿಸಿದರೆ ಮಾತ್ರ. ಬರೀ ಅಕ್ಕಿ ಹಾಕಿದರೆ ಬಿಟ್ಟುಹೋಗುತ್ತದೆ. ಅಕ್ಕಿ ಹುರಿದು ಬೆಲ್ಲ ಹಾಕಿದರೆ ಎಲೆ ಸಮೇತ ಎಳೆದುಕೊಂಡು ಹೋಗುತ್ತದೆ. ಇವತ್ತು ಅದೇ ಹುರಿಯಕ್ಕಿ ಬೆಲ್ಲ ಮಾಡುವಾಗ ಹದ ಗೊತ್ತಾಗಲೆಂದು ಬಾಯಿಗೆ ಹಾಕಿಕೊಂಡೆ. ಪರವಾಗಿಲ್ಲ. ಒಂದು ಬಟ್ಟಲು ನಾನೂ ತಿಂದೆ.

ಒಲೆ ಹಚ್ಚಿದ್ದು ನೋಡಿ ರಂಗಮ್ಮ ಬಾಗಿಲಲ್ಲೇ ನಿಂತಳು. "ಎಂತ ಭಾವ, ಬೆಂಕಿ ಪೊಟ್ಟಣ ಎಲ್ಲಿದೆ ಅಂತ ಗೊತ್ತಾಯ್ತಾ?" ಎಂದಳು. ಇದೆಲ್ಲ ಶತ್ರುವಿಗಾಗಿ ಎಂದೆ. "ಆ ಶತ್ರುವಿಗೆ ನಮ್ಮನೆಯವ್ರಿಗಿಂತ ಒಳ್ಳೆ ಅಡಿಗೆ ಆಗ್ತಾ ಇದೆ," ಎಂದಳು.

ಅಕ್ಟೋಬರ್ ೯, ಬುಧವಾರ

ಇವತ್ತು ಮದ್ದು ಬೆರೆಸುವವನಿದ್ದೆ. ಬೆಳಗ್ಗೆ ಮಳೆ ಹನಿಸಿತು. ಒದ್ದೆಯಾದರೆ ಪುಡಿಯ ವಾಸನೆ ಏಳುತ್ತದೆ, ಆಸಾಮಿ ಎಚ್ಚರಾಗುತ್ತಾನೆ. ಮುಂದಕ್ಕೆ ಹಾಕಿದೆ.

ಸಂಜೆ ಕುರ್ಚಿ ಹೊರಗೆ ಹಾಕಿಕೊಂಡು ಕೂತಿದ್ದೆ. ಆಗ ಮೊದಲ ಸಲ ಪೂರ್ತಿ ನೋಡಿದೆ. ಬೆಕ್ಕಿನ ಮರಿಯಷ್ಟು ದಪ್ಪ, ಒರಟು ಕೂದಲು, ಒಂದು ಕಿವಿ ಹರಿದಿದೆ. ತಿನ್ನುವಾಗ ಎರಡು ಕೈಯಲ್ಲಿ ಹಿಡಿದು, ಮೊದಲು ಮೂಸಿ, ನನ್ನ ಕಡೆ ಒಮ್ಮೆ ನೋಡಿ ತಿನ್ನುತ್ತದೆ. ಆ ನೋಟದಲ್ಲಿ ಪಶ್ಚಾತ್ತಾಪ ಏನೂ ಕಾಣಲಿಲ್ಲ. ಕಾಣುವವರೆಗೂ ನೋಡಬೇಕೆಂದು ಕೂತೆ.

ಅಕ್ಟೋಬರ್ ೧೦, ಗುರುವಾರ

ಬುತ್ತಿ ಬೇಡವೆಂದು ರಂಗಮ್ಮನಿಗೆ ಹೇಳಿದೆ. ಒಲೆ ಹೇಗೂ ಹಚ್ಚುತ್ತೇನೆ, ಗ್ಯಾಸು ಎರಡು ಕಡೆ ಯಾಕೆ ಸುಡಬೇಕು.

ಅಕ್ಟೋಬರ್ ೧೨, ಶನಿವಾರ

ವಿಜಯದಶಮಿ. ಇವತ್ತು ಕೊಂದರೆ ಒಳ್ಳೆಯದಿತ್ತು, ಹೆಸರಿಗೂ ಹೊಂದುತ್ತಿತ್ತು. ಆದರೆ ಗಿರಿಯನ ಮನೆಯಲ್ಲಿ ಊಟವಿತ್ತು, ಮದ್ದು ಮುಟ್ಟಿದ ಕೈಯಲ್ಲಿ ಹೋಗುವುದು ಹೇಗೆ? ಬರುವಾಗ ಒಂದು ಹೋಳಿಗೆ ಎತ್ತಿಕೊಂಡು ಬಂದು ಇಟ್ಟೆ. ಹೋಳಿಗೆಗೆ ಬರಲಿಲ್ಲ. ಎಲ್ಲಿ ಹೋಯಿತು? ಗಿರಿಯನ ಮನೆಯ ನಾಯಿ ಹಿಡಿಯಿತೇ? ಹಿಡಿದಿದ್ದರೆ ಆ ನಾಯಿಯನ್ನು ನಾನು ಬಿಡುವುದಿಲ್ಲ. ಇದು ನನ್ನ ಬೇಟೆ.

ಅಕ್ಟೋಬರ್ ೧೩, ಭಾನುವಾರ

ಬಂತು. ನಿನ್ನೆಯ ಹೋಳಿಗೆಯನ್ನೂ ಎಳೆದುಕೊಂಡು ಹೋಯಿತು.

ಅಕ್ಟೋಬರ್ ೧೪, ಸೋಮವಾರ

ಬೆಳಗ್ಗೆ ಬದುವಿನ ಮೇಲೆ ರಂಗಮ್ಮ ಮಾತಾಡಿಸಿದಳು. "ಗುರುವಾರ ಭೂಮಿ ಹುಣ್ಣಿಮೆ ಭಾವ. ಹೋದ ವರ್ಷ ಸೂತಕ ಅಂತ ಗದ್ದಿಗೆ ಉಣಿಸ್ಲೇ ಇಲ್ಲ. ಈ ವರ್ಷ ಬರ್ತೀರಲ್ದಾ?"

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ.

ಭತ್ತ ಹೊಟ್ಟೆ ಕಟ್ಟಿದ ಹೊತ್ತಿನಲ್ಲಿ ಗದ್ದೆ ಬಸುರಿ. ಅದರ ಬಯಕೆ ತೀರಿಸಲು ಹುಣ್ಣಿಮೆಯ ದಿನ ಕಡುಬು, ನೂರೆಂಟು ಸೊಪ್ಪಿನ ಪಲ್ಯ, ಅನ್ನ ಎಲ್ಲ ಬೇಯಿಸಿ ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗದ್ದೆಗೆ ಬೀರುತ್ತೇವೆ. ಅದರಲ್ಲೇ ಕಾಗೆಗೊಂದು ಪಾಲು, ಇಲಿ ಹೆಗ್ಗಣಕ್ಕೊಂದು ಪಾಲು. ಬಸುರಿಯ ಬಯಕೆ ಊಟದ ದಿನ ಯಾರೂ ಹಸಿದಿರಬಾರದು, ಕದ್ದು ತಿನ್ನುವವರೂ ಸಹ. ಹೆಗ್ಗಣದ ಪಾಲನ್ನು ಯಾವಾಗಲೂ ವರದಮ್ಮನೇ ಲಾನಿನ ಅಂಚಿಗೆ ಇಡುತ್ತಿದ್ದಳು. ಮರುದಿನ ಎಲೆ ನೆಕ್ಕಿದ ಹಾಗೆ ಖಾಲಿ. ಅವಳ ಕೈಯ ಅನ್ನ ತಿಂದು ಅವಳನ್ನೇ ತಿಂದಿತು!

ಎಂಥ ಸಂಶಯದ ಪ್ರಾಣಿಯೂ ಆ ಕಡುಬನ್ನು ಸಂಶಯಿಸುವುದಿಲ್ಲ. ಅಜ್ಜ ಮುತ್ತಜ್ಜನ ಕಾಲದಿಂದ ನಂಬಿದ್ದು. ವೆಂಜನ್ಸ್ ಬೇರೆ, ರಿವೆಂಜ್ ಬೇರೆ ಎಂದು ಇಂಗ್ಲಿಷ್ ಲೆಕ್ಚರರ್ ಒಂದು ಗಂಟೆ ಪಾಠ ಮಾಡಿದ್ದರು. ಯಾವುದು ಯಾವುದು ಎಂಬುದು ಮರೆತಿದೆ. ಗುರುವಾರ ಎರಡೂ ಆಗುತ್ತದೆ.

ಅಕ್ಟೋಬರ್ ೧೫, ಮಂಗಳವಾರ

ಈ ಸಲ ಹೆಗ್ಗಣದ ಪಾಲು ನಾನೇ ಇಡುತ್ತೇನೆ ಎಂದು ರಂಗಮ್ಮನಿಗೆ ಹೇಳಿದೆ. ಸುಮ್ಮನೆ ಹೂಂ ಎನ್ನುತ್ತಾಳೆಂದುಕೊಂಡಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವೇ ಕೇಳ್ಬೇಕು ಅಂತ ಕಾಯ್ತಿದ್ದೆ ಭಾವ. ಅಕ್ಕನ ಜೀವ ತಣ್ಣಗಾಗ್ತದೆ. ನೀವಿಡೂ ಪಾಲಿಗೆ ಸೌತೆಕಾಯಿ ಕಡುಬು ಬೇರೆ ಮಾಡಿ ಕೊಡ್ತೀನಿ."

ಅವಳು ತಪ್ಪು ತಿಳಿದದ್ದು ನನ್ನ ಕೆಲಸಕ್ಕೆ ಒಳ್ಳೆಯದೇ.

ಸಂಜೆಯ ತಿಂಡಿ ಇಡಲಿಲ್ಲ. ಹಸಿದಿರಲಿ.

ಅಕ್ಟೋಬರ್ ೧೬, ಬುಧವಾರ

ಇಟ್ಟೆ, ಸ್ವಲ್ಪ. ತೀರಾ ಹಸಿದರೆ ಬೇರೆ ಕಡೆ ಹೋದೀತು.

ಅಕ್ಟೋಬರ್ ೧೭, ಗುರುವಾರ

ಲಾನಿನಲ್ಲೇ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಕ್ರಮವಾಗಿ ಬರೆಯಬೇಕು.

ಬೆಳಕು ಹರಿಯುವಾಗ ಗದ್ದೆಗೆ ಹೋದೆವು. ಗಿರಿಯ ಕೂಗಿ ಕೂಗಿ ಬೀರುತ್ತ ಮುಂದೆ ನಡೆದ, ರಂಗಮ್ಮ ಹಿಂದೆ ಬುಟ್ಟಿ ಹೊತ್ತಿದ್ದಳು. ಪೂಜೆಯಾಯಿತು. ಕಾಗೆಯ ಪಾಲನ್ನು ಬದುವಿನ ಮೇಲಿಟ್ಟಳು. ನನ್ನ ಕೈಗೆ ಬಾಳೆಲೆ ಕೊಟ್ಟಳು, ಕಡುಬು ಇನ್ನೂ ಬೆಚ್ಚಗಿತ್ತು. ನಾನು ಲಾನಿನ ಕಡೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕೂತು, ಕಡುಬು ಮುರಿದು ಪೊಟ್ಟಣ ಸುರಿದು ಮುಚ್ಚಿದೆ. ಒಂದು ಕಣವೂ ಹೊರಗೆ ಚೆಲ್ಲಲಿಲ್ಲ. ಅದು ಸತ್ಯ, ಬರೆದಿಡುತ್ತೇನೆ. ಬಿಲದ ಬಾಯಲ್ಲಿಟ್ಟು, ಕೈ ತೊಳೆದು, ಬಂದು ಊಟಕ್ಕೆ ಕೂತೆ.

ಕಾಗೆ ತನ್ನ ಪಾಲನ್ನು ಮುಟ್ಟಲಿಲ್ಲ. ತೆಂಗಿನ ಮರದಲ್ಲಿ ಕೂತೇ ಇತ್ತು. ಕಾಗೆ ಮುಟ್ಟದೆ ನಾವು ಉಣ್ಣುವ ಹಾಗಿಲ್ಲ. ಗಿರಿಯನಿಗೆ ಹಸಿವು. "ಕಾಗಿಗೂ ಈಗ ಪೇಟೆ ತಿಂಡಿ ಬೇಕೇನ," ಎಂದ. ರಂಗಮ್ಮ ಎದ್ದು ನಿಂತು ಕರೆದಳು: "ಬಾರೇ ಅಕ್ಕ. ಎಂತಕೆ ಸಿಟ್ಟು? ಎಲ್ಲಾ ನಿನ್ನ ಹಂಗೇ ಮಾಡೀನಿ."

ಕಾಗೆ ಹಾರಿತು. ಬದುವಿಗೆ ಬರಲಿಲ್ಲ, ನಮ್ಮ ತಲೆಯ ಮೇಲಿಂದ ಹಾದು ಲಾನಿಗೆ ಇಳಿಯಿತು.

"ನೋಡಿ ಭಾವ! ನಮ್ಮನ್ನೆಲ್ಲ ಬಿಟ್ಟು ಅವಳ ಲಾನಿಗೇ ಹೋದ್ಲು! ಅಕ್ಕಂದೇ ಬುದ್ಧಿ!"

ನಾನು ಎಲೆ ತುಳಿದುಕೊಂಡು ಓಡಿದೆ. ಸ್ಟಾಪ್ ಸ್ಟಾಪ್ ಎಂದು ಕೂಗಿದೆನಂತೆ, ಆಮೇಲೆ ಗಿರಿಯ ಹೇಳಿದ್ದು. ಕಾಗೆಯ ಕೊಕ್ಕಿನಲ್ಲಿ ಕಡುಬಿನ ಚೂರು ಕಂಡಿತು. ವರದಾ, ಉಗಿಯೇ, ಉಗಿ ಎಂದೆ. ಅದು ನನ್ನ ಬಾಯಿಂದ ಬಂದದ್ದು ನನಗೆ ನೆನಪಿದೆ. ಬದುವಿನಲ್ಲಿ ಜಾರಿ ಬಿದ್ದೆ, ಪಂಚೆ ಬಿಚ್ಚಿಹೋಯಿತು, ಕೈಗೆ ಸಿಕ್ಕ ಮಣ್ಣಿನ ಹೆಂಟೆ ಎಸೆದೆ. ಕಾಗೆ ಚೂರನ್ನು ಬಿಟ್ಟು ಹಾರಿತು. ನಾನು ಹೋಗಿ ಆ ವಿಷದ ಎಲೆಯ ಮೇಲೆ ಅಂಗಾತ ಬಿದ್ದುಕೊಂಡೆ, ಮತ್ತೆ ಬಂದರೆ ಸಿಗಬಾರದೆಂದು.

ರಂಗಮ್ಮ ಬಂದು ನನ್ನನ್ನು ಎಬ್ಬಿಸಿದಳು. ನನ್ನ ಬೆನ್ನಿಗೆ ಮೆತ್ತಿದ್ದನ್ನು ಮೂಸಿದಳು.

"ಕಡುಬಿಗೆ ಬೆಳ್ಳುಳ್ಳಿ ಹಾಕಿರ್ಲಿಲ್ಲ ನಾನು."

ನಾನು ಪಂಚೆ ಸುತ್ತಿಕೊಂಡೆ.

"ಬಸುರಿಗೆ ಉಣಿಸೂ ದಿನ ವಿಷ ಇಕ್ಕಿದ್ರಾ ಭಾವ? ನನ್ನ ಕೈಯಲ್ಲಿ ಬೇಯ್ಸಿ, ನನ್ನ ಕೈಯಿಂದ ಇಸ್ಕಂಡು?"

"ಅದು ಅವಳನ್ನು ಕೊಂದಿತಲ್ಲ ರಂಗಮ್ಮ."

"ನೀವೀಗ ಎರಡ್ನೇ ಸಲ ಕೊಲ್ತಿದ್ರಿ."

ಗಿರಿಯ ಗುದ್ದಲಿ ತಂದ. ಎಲೆ, ಕಡುಬು, ಮೇಲಿನ ಮಣ್ಣು, ನನ್ನ ಅಂಗಿ, ಎಲ್ಲವನ್ನೂ ಗದ್ದೆಯಿಂದ ದೂರ ಆಳವಾಗಿ ಹೂತು ಕಲ್ಲು ಮುಚ್ಚಿದ. ರಂಗಮ್ಮ ಹೋಗುವಾಗ ತಿರುಗಿ ನಿಂತಳು. "ಹೆಗ್ಗಣದ ಪಾಲು ಬಾಕಿ ಇದೆ. ಹೊತ್ತು ಮುಳುಗೂದ್ರೊಳಗೆ ಇಡ್ಬೇಕು. ನಾನು ಬೇಯ್ಸೂದಿಲ್ಲ, ನೀವೇ ಬೇಯ್ಸಿ."

ಮಧ್ಯಾಹ್ನವಿಡೀ ತೆಂಗಿನ ಮರ ನೋಡುತ್ತ ಅಂಗಳದಲ್ಲಿ ನಿಂತಿದ್ದೆ. ಒಂದು ಕಾಗೆ ಬಂತು, ಇನ್ನೊಂದು ಬಂತು. ಬೆಳಗಿನದು ಯಾವುದು? ಡಿಸ್ಟಿಂಗ್ವಿಶ್ ಬಿಟ್ವೀನ್ ಕಾಗೆ ಅಂಡ್ ಕಾಗೆ. ಬೇಲಿಯ ಬುಡ, ಬಾವಿಯ ಹಿಂದೆ, ರಸ್ತೆ, ಎಲ್ಲ ಕಡೆ ಹುಡುಕಿದೆ. ಎಲ್ಲಿಯೂ ಸತ್ತು ಬಿದ್ದದ್ದು ಸಿಗಲಿಲ್ಲ. ಮೂರನೆಯದು ಬಂದು ಹೆಂಚಿನ ಮೇಲೆ ಕೂತು ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಿತು. ಅದೇ ಎಂದುಕೊಂಡೆ.

ಆಮೇಲೆ ಅಕ್ಕಿ ರುಬ್ಬಿದೆ. ಸೌತೆಕಾಯಿ ತುರಿದೆ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದೆ. ಒಂದು ಒಡೆಯಿತು, ಎರಡು ನಿಂತವು.

ಸ್ವಲ್ಪ ಹೊತ್ತಿನ ಹಿಂದೆ ರಂಗಮ್ಮ ಬಂದು ಎದುರು ನಿಂತಳು. "ಮೊದ್ಲು ನೀವು ತಿನ್ನಿ."

ಹೆಗ್ಗಣಕ್ಕಿಟ್ಟ ಎಲೆಯಿಂದಲೇ ಮುರಿದು ತಿಂದೆ. ಅವಳು ನಾನು ನುಂಗುವವರೆಗೂ ನನ್ನ ಗಂಟಲನ್ನೇ ನೋಡಿದಳು. ಆಮೇಲೆ ಒಂದು ಚೂರು ತಾನೂ ಬಾಯಿಗೆ ಹಾಕಿಕೊಂಡಳು.

"ಉಪ್ಪೇ ಹಾಕಿಲ್ಲ."

"ಮರೆತೆ."

"ನಾಳೆಗೆ?"

"ನಾಳೆಯೂ ಇಡಬೇಕು. ಬೆಳಗ್ಗೆ ಅಷ್ಟು ಗಲಾಟೆಯಾಗಿದೆ, ಅದರ ನಂಬಿಕೆ ಹೋಗಿರುತ್ತದೆ. ಮೊದಲಿನಿಂದ ರೂಢಿ ಮಾಡಿಸಬೇಕು. ಬಹಳ ದಿನ ಹಿಡಿಯುತ್ತದೆ."

"ರೂಢಿ ಆದ್ಮೇಲೆ?"

"ಆದ ಮೇಲೆ ಬಿಡುತ್ತೇನೆಯೇ? ಸೇಡು ಸೇಡೇ."

"ಹೂಂ," ಎಂದಳು. ನಾಳೆಗೆ ತನ್ನ ಮನೆಯಿಂದ ಕೊಬ್ಬರಿ ಕಳಿಸುತ್ತಾಳಂತೆ.

ಅವಳು ಬದು ದಾಟಿ ಹೋದಳು. ಎಲೆ ಬಿಲದ ಬಾಯಲ್ಲಿದೆ. ಇನ್ನೂ ಬಂದಿಲ್ಲ. ಮಣ್ಣು ಸ್ವಲ್ಪ ಅಲುಗಿದ ಹಾಗಿದೆ, ಗಾಳಿಯೂ ಇರಬಹುದು. ಹರಿದ ಕಿವಿ ಕಂಡರೆ ಗೊತ್ತಾಗುತ್ತದೆ. ಬರೆಯುತ್ತ ಬರೆಯುತ್ತ ಸಾಲು ಓರೆಯಾಗುತ್ತಿರುವುದು ಈಗ ನೋಡಿದೆ. ಚಂದ್ರ ಇನ್ನೂ ಮರದ ಮೇಲೆ ಬಂದಿಲ್ಲ, ಬೆಳಕು ಹೋಗುತ್ತಿದೆ